ಹಾಳೆ ನೋಡಿ ಓದುತ್ತಿದ್ದ ಕಾಲ
ಬೆಂಗಳೂರು ದೂರದರ್ಶನದ ಮೊದಲ ತಲೆಮಾರಿನ ವಾರ್ತಾ ವಾಚಕಿಯ ಬಗ್ಗೆ ನೀವು ಲೇಖನ ಬರೆದಿದ್ದು ಖುಷಿಯಾಯಿತು. ಆದರೆ ಸೀರೆ, ಧ್ವನಿ ಅಂತ ಹೊಗಳಿ ಮುಗಿಸಿಬಿಟ್ಟಿದ್ದೀರಿ. ಕೆಲಸದ ಕಷ್ಟ ಹೇಳಬೇಕಿತ್ತು, ಅಲ್ವಾ? ಕೇಂದ್ರ ಶುರುವಾಗಿದ್ದು 1981ರ ನವೆಂಬರ್ 1ರಂದು. ಆಗ ಹಾಳೆ ನೋಡಿಕೊಂಡೇ ಓದಬೇಕು. ಅರ್ಧ ಸಾಲು ಕಣ್ಣಲ್ಲಿ ತುಂಬಿಕೊಂಡು, ತಲೆಯೆತ್ತಿ ಕ್ಯಾಮೆರಾ ನೋಡಿ, ಮತ್ತೆ ಸರಿಯಾಗಿ ಅದೇ ಸಾಲಿಗೆ ಇಳಿಯಬೇಕು. ಮುಗಿದ ಹಾಳೆಯನ್ನು ಸದ್ದಾಗದಂತೆ ಪಕ್ಕಕ್ಕೆ ಸರಿಸಬೇಕು, ಮೈಕ್ ಅಲ್ಲೇ ಇರುತ್ತೆ! ನೇರಪ್ರಸಾರದಲ್ಲಿ ತೊದಲಿದರೆ ಮುಗೀತು. ಸುಮ್ನೆ ಕೂತು ಓದೋ ಕೆಲಸವಲ್ಲ ಅದು.

1994ರಲ್ಲಿ ಉದಯ ಟಿವಿ ಬಂತು, ಆಮೇಲೆ ದಿನವಿಡೀ ಸುದ್ದಿಯ ಚಾನೆಲ್‌ಗಳು. ಈಗ ಓದಬೇಕಾದ ಸಾಲುಗಳನ್ನು ಕ್ಯಾಮೆರಾ ಮುಂದೆಯೇ ತೋರಿಸುವ ಪರದೆ, ಅಂದರೆ ಪ್ರಾಂಪ್ಟರ್ ಇದೆ. ಆದರೂ (ಕೋಪ ಮಾಡ್ಕೋಬೇಡಿ) ಕೆಲವರ ಬಾಯಲ್ಲಿ ಹಕಾರ ಅಕಾರ ಅದಲು ಬದಲು, ಕೂಗಾಟವೂ ಜಾಸ್ತಿ. ಆ ಕಾಲದ ಉಳಿದ ವಾಚಕರ ಬಗ್ಗೆಯೂ ಬರೆಯಿರಿ.