ಶೂನ್ಯ ಟಿಕೆಟ್ ಪಡೆದವರೂ ಪ್ರಯಾಣಿಕರೇ: ಸ್ಪಷ್ಟನೆ

‘ಹೆಂಗಸರಿಗೆ ಬಸ್ ಉಚಿತ, ಆದ್ದರಿಂದ ದುಡ್ಡು ಕೊಟ್ಟ ಗಂಡಸರಿಗೆ ಅವರು ಸೀಟು ಬಿಟ್ಟುಕೊಡಬೇಕು’ ಎಂಬ ಸಂದೇಶ ಕೊಪ್ಪಳ, ಗಂಗಾವತಿ ಕಡೆಯ ಮೊಬೈಲುಗಳಲ್ಲಿ ಹರಿದಾಡುತ್ತಿದೆ. ಇದು ಸುಳ್ಳು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ಅಂಥ ನಿಯಮವೇ ಇಲ್ಲ. ಮಹಿಳೆಯರಿಗೆ ಹಣ ಪಡೆಯದೆ ಕೊಡುವ ಶೂನ್ಯ ಟಿಕೆಟ್ಟಿನ ಪ್ರಯಾಣದರವನ್ನು ಸಾರಿಗೆ ನಿಗಮಕ್ಕೆ ಸರ್ಕಾರ ಭರಿಸುತ್ತದೆ.

ಯೋಜನೆಗೆ ಒಳಪಟ್ಟ ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸುಗಳಲ್ಲಿ ಶೇ 50ರಷ್ಟು ಆಸನಗಳು ಪುರುಷರಿಗೆ ಮೀಸಲು ಎಂಬುದು ನಿಜ. ಆ ಸೀಟನ್ನು ಗಂಡಸರು ಮರ್ಯಾದೆಯಿಂದ ಕೇಳಿದರೆ ತಪ್ಪೇನಿಲ್ಲ. ಆದರೆ ಕಂಕುಳಲ್ಲಿ ಕೂಸು, ಕೈಯಲ್ಲಿ ಸಂತೆಯ ಚೀಲ ಹಿಡಿದು ಕಂಬಕ್ಕೆ ಆತು ನಿಂತ ತಾಯಿಗೆ ‘ಬಿಟ್ಟಿ ಪ್ರಯಾಣ, ನಿಂತೇ ಬರಲಿ’ ಎನ್ನುವುದನ್ನು ನಾನಂತೂ ಸಹಿಸಲಾರೆ. ಮುದುಕರನ್ನು ಕಂಡೊಡನೆ ಎದ್ದು ಜಾಗ ಕೊಡುವ ಕಾಲೇಜು ಹುಡುಗಿಯರೂ ಇದೇ ಬಸ್ಸುಗಳಲ್ಲಿದ್ದಾರೆ.

ಅಂದ ಹಾಗೆ, ರಾಯಚೂರಿನಿಂದ ಮಂತ್ರಾಲಯಕ್ಕೆ ಹೋಗುವ ಅಂತರರಾಜ್ಯ ಬಸ್ಸುಗಳಿಗೆ ಈ ಯೋಜನೆ ಅನ್ವಯಿಸುವುದಿಲ್ಲ. ಅಲ್ಲಿ ಮಹಿಳೆಯರೂ ಹಣ ಕೊಟ್ಟೇ ಟಿಕೆಟ್ ಪಡೆಯುತ್ತಾರೆ.