ಸಿಲೋನ್ ಟೀಗೆ ಹೆಸರು ಬಂತು, ಎಲೆ ಕಿತ್ತವರಿಗೆ ಮನೆ ಬರಲಿಲ್ಲ

ಶ್ರೀಲಂಕಾ ಅಂದ ತಕ್ಷಣ ನಮ್ಮಲ್ಲಿ ಒಬ್ಬೊಬ್ಬರಿಗೆ ಒಂದೊಂದು ನೆನಪಾಗುತ್ತದೆ. ಹಿರಿಯರಿಗೆ ರೇಡಿಯೋ ಸಿಲೋನ್. ಕ್ರಿಕೆಟ್ ಹುಚ್ಚಿನವರಿಗೆ 1996ರ ವಿಶ್ವಕಪ್, ಜಯಸೂರ್ಯ, ಮುರಳೀಧರನ್. ಆದರೆ ಆ ಪುಟ್ಟ ದ್ವೀಪವನ್ನು ಜಗತ್ತಿನ ಮನೆಮನೆಗೂ ಮುಟ್ಟಿಸಿದ್ದು ಟೀ. 1972ರಲ್ಲಿ ದೇಶದ ಹೆಸರು ಶ್ರೀಲಂಕಾ ಆಯಿತು, ಟೀ ಡಬ್ಬಿಯ ಮೇಲೆ ಮಾತ್ರ ಸಿಲೋನ್ ಹಾಗೇ ಉಳಿಯಿತು. ಅಷ್ಟು ದೊಡ್ಡ ಹೆಸರು ಅದು.

ಆ ಹೆಸರು ಸುಮ್ನೆ ಬಂದದ್ದಲ್ಲ. ನಾವು ದಿನಾ ಕುಡಿಯುವುದು ಹೆಚ್ಚಾಗಿ ಯಂತ್ರ ಅರೆದ ಕಾಳು ಕಾಳಾದ ಸಿಟಿಸಿ ಪುಡಿ. ಹಾಲು, ಸಕ್ಕರೆ ಹಾಕಿ ಕುದಿಸಿದರೇ ಅದಕ್ಕೆ ಜೀವ. ಲಂಕಾದಲ್ಲಿ ಬಹುಪಾಲು ಹಳೇ ಪದ್ಧತಿ. ಕಿತ್ತ ಎಲೆಯನ್ನು ಉದ್ದನೆಯ ಜಾಲರಿಯ ಮೇಲೆ ಹರಡಿ ಗಾಳಿಗೆ ಬಾಡಿಸುತ್ತಾರೆ. ಮೆತ್ತಗಾದ ಮೇಲೆ ಉರುಳೆಯಲ್ಲಿ ಹೊಸೆಯುತ್ತಾರೆ. ಹಸಿರು ಎಲೆ ನೋಡ್ತಾ ನೋಡ್ತಾ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಸರಿಯಾದ ಹೊತ್ತಿಗೆ ಬಿಸಿ ಗಾಳಿಗೆ ಕೊಟ್ಟು ಒಣಗಿಸಬೇಕು, ತಡವಾದರೆ ರುಚಿ ಕೆಡುತ್ತದೆ. ನುವಾರ ಎಲಿಯದ ಟೀ ತಿಳಿ ಹೊಂಬಣ್ಣ, ಬಾಯಿಗೆ ಹಗುರ. ಊವಾ ಸೀಮೆಯಲ್ಲಿ ಜುಲೈ ಕಳೆದ ಮೇಲೆ ಒಣ ಗಾಳಿ ಬೀಸುವ ದಿನಗಳಲ್ಲಿ ಕಿತ್ತ ಎಲೆಗೆ ಬೇರೆಲ್ಲೂ ಸಿಗದ ಒಂದು ಘಾಟು ಇರುತ್ತದೆ. ಇದನ್ನೆಲ್ಲ ಹಾಲಿಲ್ಲದೆ ಕುಡಿದರೇ ಚೆಂದ. ಅಲ್ಲಿಯ ಜನ ಬೆಲ್ಲದ ಚೂರು ಕಚ್ಚಿಕೊಂಡು ಕುಡಿಯುತ್ತಾರೆ. ನನ್ನ ಮಟ್ಟಿಗೆ ಟೀ ಕುಡಿಯಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಪ್ರವಾಸಿಗರಿಗೆ ಹೇಳುವ ಕಥೆ ಗೊತ್ತೇ ಇರುತ್ತದೆ. 1867ರಲ್ಲಿ ಜೇಮ್ಸ್ ಟೇಲರ್ ಎಂಬ ಸ್ಕಾಟ್ಲೆಂಡಿನವ ಕ್ಯಾಂಡಿ ಹತ್ತಿರದ ಲೂಲ್‌ಕಂದೂರದಲ್ಲಿ 19 ಎಕರೆ ಟೀ ಹಾಕಿದ. ಎರಡು ವರ್ಷಕ್ಕೆ ಕಾಫಿ ಗಿಡಗಳಿಗೆ ತುಕ್ಕು ರೋಗ ಬಿತ್ತು. ಕಾಫಿ ಸತ್ತ ಬೆಟ್ಟಗಳನ್ನೆಲ್ಲ ಟೀ ಆವರಿಸಿತು. 1890ರಲ್ಲಿ ಥಾಮಸ್ ಲಿಪ್ಟನ್ ಬಂದು ತೋಟಗಳನ್ನು ಕೊಂಡ. ಹಪುತಲೆ ಹತ್ತಿರ ಅವನ ಹೆಸರಿನ ಗುಡ್ಡದ ತುದಿಯಲ್ಲಿ ಇವತ್ತಿಗೂ ಜನ ಫೋಟೋ ತೆಗೆಸಿಕೊಳ್ಳುತ್ತಾರೆ.

ಕಥೆ ಅಲ್ಲಿಗೇ ನಿಂತುಬಿಡುತ್ತದೆ. ನನಗೆ ಬೇಜಾರಾಗುವುದು ಅದಕ್ಕೇ. ಬೆಟ್ಟ ಕಡಿದು ಗಿಡ ನೆಟ್ಟವರು ಯಾರು?

ತಮಿಳುನಾಡಿನ ಬರದ ಹಳ್ಳಿಗಳಿಂದ ಹೋದವರು. ಮೊದಲು ಕಾಫಿಗೆ, ಆಮೇಲೆ ಟೀಗೆ. ದೋಣಿಯಲ್ಲಿ ಮನ್ನಾರ್ ಕಡೆಗೆ ದಾಟಿ, ಅಲ್ಲಿಂದ ಮಾತಲೆಯ ತನಕ ಕಾಡಿನಲ್ಲಿ ನಡೆದು ಹೋದವರು. ಕಾಲರಾ, ಮಲೇರಿಯಾ, ಹಸಿವಿಗೆ ಎಷ್ಟೋ ಜನ ದಾರಿಯಲ್ಲೇ ಸತ್ತರು. ಬದುಕಿ ತಲುಪಿದವರ ತಲೆ ಮೇಲೆ ಕಂಗಾಣಿಯ, ಅಂದರೆ ಅವರನ್ನು ಕರೆತಂದ ಮೇಸ್ತ್ರಿಯ, ಸಾಲ. 2023ರಲ್ಲಿ ಆ ಮೊದಲ ಗುಂಪುಗಳು ಬಂದು 200 ವರ್ಷ ಆಯಿತೆಂದು ಅವರ ಮಕ್ಕಳು ಮರಿಮಕ್ಕಳು ತಲೈಮನ್ನಾರ್‌ನಿಂದ ಮಾತಲೆಗೆ ಮತ್ತೆ ಕಾಲ್ನಡಿಗೆಯಲ್ಲಿ ಹೋದರು. ತಮ್ಮನ್ನು ಮಲೈಯಹ ಜನ, ಅಂದರೆ ಬೆಟ್ಟದ ನಾಡಿನವರು ಎಂದು ಕರೆದುಕೊಳ್ಳುತ್ತಾರೆ. ಅಂದಹಾಗೆ ನಾವು ಇಷ್ಟಪಡುವ ಮುರಳೀಧರನ್ ಅವರ ಅಜ್ಜ ಕೂಡ ದಕ್ಷಿಣ ಭಾರತದಿಂದ ಟೀ ತೋಟದ ಕೆಲಸಕ್ಕೆ ಹೋದವರೇ.

1948ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂತು. ಅದೇ ವರ್ಷ ಬಂದ ಪೌರತ್ವ ಕಾನೂನು ಈ ಜನರಲ್ಲಿ ಹೆಚ್ಚಿನವರನ್ನು ಹೊರಗಿಟ್ಟಿತು. ಮರುವರ್ಷ ಓಟೂ ಹೋಯಿತು. ಬೆಳಗಾದರೆ ಎಲೆ ಕೀಳಬೇಕು, ಆದರೆ ಯಾವ ದೇಶಕ್ಕೂ ಸೇರಿದವರಲ್ಲ. 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿ ಮತ್ತು ಅಲ್ಲಿಯ ಪ್ರಧಾನಿ ಸಿರಿಮಾವೋ ಬಂಡಾರನಾಯಕೆ ಕೂತು ಲೆಕ್ಕ ಹಾಕಿದರು. 5,25,000 ಜನ ಭಾರತಕ್ಕೆ, 3,00,000 ಜನ ಲಂಕಾಕ್ಕೆ, ಉಳಿದವರ ವಿಚಾರ ಆಮೇಲೆ. ಆ ಒಪ್ಪಂದ ಆದಾಗ ಜನರನ್ನು ಯಾರು ಕೇಳಿದರು? ಯಾರೂ ಕೇಳಲಿಲ್ಲ. ಉಳಿದುಕೊಂಡಿದ್ದ ಪೌರತ್ವದ ಗೋಜಲು ಬಗೆಹರಿಸಲು ಕಾನೂನು ಬಂದದ್ದು 2003ರಲ್ಲಿ.

ಇದು ನಮಗೆ ಸಂಬಂಧ ಇಲ್ಲದ ಕಥೆ ಅಂದ್ಕೋಬೇಡಿ. ಆ ಒಪ್ಪಂದದಡಿ ಬಂದವರಲ್ಲಿ ಒಂದಷ್ಟು ಕುಟುಂಬಗಳನ್ನು ನಮ್ಮ ಸುಳ್ಯ, ಪುತ್ತೂರು ಕಡೆ ನೆಲೆಗೊಳಿಸಿದರು. ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟದಲ್ಲಿ ಕೆಲಸ ಕೊಟ್ಟರು. ಟೀ ಎಲೆ ಕೀಳುತ್ತಿದ್ದ ಕೈಗಳು ರಬ್ಬರ್ ಹಾಲು ತೆಗೆಯಲು ಕಲಿತವು. ಅವರ ಮಕ್ಕಳು ಕನ್ನಡ ಶಾಲೆಯಲ್ಲಿ ಓದಿದರು, ತುಳು ಕಲಿತರು. ಆದರೂ ಜಾತಿ ಪ್ರಮಾಣಪತ್ರದಂಥ ಒಂದು ಕಾಗದಕ್ಕೆ ಕಚೇರಿಯಿಂದ ಕಚೇರಿಗೆ ಅಲೆದರು. ಅಲ್ಲಿ ಭಾರತದವರು, ಇಲ್ಲಿ ಸಿಲೋನಿನವರು. ಎರಡೂ ಕಡೆ ಹೊರಗಿನವರೇ.

ಅಲ್ಲೇ ಉಳಿದವರು ಹೇಗಿದ್ದಾರೆ? ಕೊಡಗು, ಚಿಕ್ಕಮಗಳೂರಿನವರಿಗೆ ಲೈನ್ ಮನೆ ಅಂದರೆ ವಿವರಿಸಬೇಕಾಗಿಲ್ಲ. ಅಲ್ಲೂ ಅದೇ. ಬ್ರಿಟಿಷರ ಕಾಲದ ಸಾಲು ಕೋಣೆಗಳು, ತಗಡಿನ ಮಾಡು, ಒಂದು ಕೋಣೆಯಲ್ಲಿ ಒಂದು ಸಂಸಾರ. ಹೆಂಗಸರು ಬೆಳಿಗ್ಗೆ ಬೇಗ ಏರು ಹತ್ತುತ್ತಾರೆ. ತಲೆಗೆ ಹಗ್ಗ ಸಿಕ್ಕಿಸಿಕೊಂಡು ಬೆನ್ನಿಗೆ ಚೀಲ. ಒಂದು ಚಿಗುರು, ಎರಡು ಎಲೆ, ಅದಕ್ಕಿಂತ ಬಲಿತದ್ದು ಬರಬಾರದು. ಮಳೆಯಲ್ಲಿ ಜಿಗಣೆ. ಎಲೆ ತೂಕಕ್ಕೆ ಬಂದಾಗ ಚೀಲದ ಭಾರ, ಎಲೆಯ ನೀರು ಅಂತ ಒಂದಷ್ಟು ಕಳೆಯುತ್ತಾರೆ. ಗೊತ್ತುಮಾಡಿದ ತೂಕ ಬರದಿದ್ದರೆ ಆ ದಿನದ ಸಂಬಳಕ್ಕೇ ಕತ್ತರಿ. ಒಂದು ಕಿಲೋ ಟೀಪುಡಿಗೆ ಸುಮಾರು ನಾಲ್ಕೂವರೆ ಕಿಲೋ ಹಸಿ ಎಲೆ ಬೇಕು. ದಿನಕ್ಕೆ 1,000 ರೂಪಾಯಿ ಕೊಡಿ ಎಂದು ವರ್ಷಗಟ್ಟಲೆ ಹೋರಾಡಿ, 2021ರಲ್ಲಿ ಅದನ್ನು ಪಡೆದರು. ಲಂಕಾ ರೂಪಾಯಿ ಅದು, ನಮ್ಮದಲ್ಲ. ಮರುವರ್ಷವೇ ದೇಶ ದಿವಾಳಿಯಾಗಿ ಅಕ್ಕಿ ಬೇಳೆ ಬೆಲೆ ಆಕಾಶಕ್ಕೆ ಹೋಯಿತು.

2014ರ ಅಕ್ಟೋಬರ್ 29ರಂದು ಬದುಲ್ಲ ಜಿಲ್ಲೆಯ ಮೀರಿಯಬೆದ್ದದಲ್ಲಿ ಗುಡ್ಡ ಜರಿದು ಲೈನ್ ಮನೆಗಳ ಮೇಲೇ ಬಿತ್ತು. ಜಾಗ ಅಪಾಯದ್ದು ಎಂಬ ಎಚ್ಚರಿಕೆ ಮೊದಲೇ ಇತ್ತು. ಹೋಗಿ ಅಂದರೆ ಎಲ್ಲಿಗೆ ಹೋಗುವುದು? ಅವರ ಹೆಸರಲ್ಲಿ ಒಂದಡಿ ಜಾಗ ಇರಲಿಲ್ಲ.

ಕಂಪನಿಗಳ ಕಡೆಯ ಮಾತೂ ಇದೆ, ಅದು ಪೂರ್ತಿ ಸುಳ್ಳಲ್ಲ. ಗಿಡಗಳು ಹಳೆಯವು, ಖರ್ಚು ಜಾಸ್ತಿ. 2021ರಲ್ಲಿ ಸರ್ಕಾರ ರಾತ್ರೋರಾತ್ರಿ ರಾಸಾಯನಿಕ ಗೊಬ್ಬರ ನಿಲ್ಲಿಸಿ ಇಳುವರಿಗೆ ದೊಡ್ಡ ಪೆಟ್ಟು ಕೊಟ್ಟಿತು. ಈಗ ಲಂಕಾದ ಟೀಯಲ್ಲಿ ಹೆಚ್ಚು ಪಾಲು ಬರುವುದು ದೊಡ್ಡ ತೋಟಗಳಿಂದಲೂ ಅಲ್ಲ, ಕೆಳನಾಡಿನ ಸಣ್ಣ ಬೆಳೆಗಾರರಿಂದ. ಸಂಬಳದ ಲೆಕ್ಕದಲ್ಲಿ ವಾದ ಮಾಡಲಿ, ಒಪ್ಪೋಣ.

ಆದರೆ ಜಾಗದ ವಿಚಾರದಲ್ಲಿ ಈ ನೆಪ ನಡೆಯುವುದಿಲ್ಲ. 70ರ ದಶಕದಲ್ಲೇ ದೊಡ್ಡ ತೋಟಗಳು ರಾಷ್ಟ್ರೀಕರಣ ಆಗಿವೆ. 1992ರಿಂದ ಕಂಪನಿಗಳು ನಡೆಸುತ್ತಿರುವುದು ಗುತ್ತಿಗೆಯ ಮೇಲೆ. ಅಂದರೆ ಹೆಚ್ಚಿನ ನೆಲ ಸರ್ಕಾರದ್ದೇ. ಟೀ ಬೆಲೆ ಏರಲಿ ಇಳಿಯಲಿ, ಹಕ್ಕುಪತ್ರ ಬರೆದುಕೊಡಲು ಅದು ಅಡ್ಡ ಬರುವುದಿಲ್ಲ. ಹೊಸ ಮನೆ ಯೋಜನೆಗಳಲ್ಲಿ ಒಂದು ಕುಟುಂಬಕ್ಕೆ 7 ಪರ್ಚ್ ಅಂತ ಇಟ್ಟರು, ಅಂದರೆ ಸುಮಾರು 1,900 ಚದರಡಿ. ನಮ್ಮ 30-40 ಸೈಟಿಗಿಂತ ದೊಡ್ಡದು, 40-60ಕ್ಕಿಂತ ಚಿಕ್ಕದು. ಭಾರತವೂ 4,000 ಮನೆಗಳಿಗೆ ಹಣ ಕೊಟ್ಟಿತು. 2017ರಲ್ಲಿ ನಾರ್ವುಡ್‌ನಲ್ಲಿ ನಮ್ಮ ಪ್ರಧಾನಿ ಇನ್ನೂ 10,000 ಮನೆ ಎಂದು ಘೋಷಿಸಿದರು. ಒಳ್ಳೆಯ ಕೆಲಸ, ಮನಸಾರೆ ಹೇಳುತ್ತೇನೆ. ಆದರೆ ಬೆಟ್ಟದ ಮೇಲೆ ಕೂಲಿ ಬಿಟ್ಟರೆ ಸೂರೂ ಹೋದೀತು ಎಂಬ ಹೆದರಿಕೆಯಲ್ಲಿ ಬದುಕುವವರು ಲಕ್ಷಗಟ್ಟಲೆ ಇದ್ದಾರೆ.

ರಜೆಗೆ ಕ್ಯಾಂಡಿ, ‘ಎಲ್ಲ’ ಎಂಬ ಬೆಟ್ಟದೂರಿನ ಕಡೆ ರೈಲಿನಲ್ಲಿ ಹೋಗುವ ಕನ್ನಡಿಗರು ಈಗ ಬಹಳ. ಹೋಗಿ, ತುಂಬಾ ಚೆಂದದ ದಾರಿ. ಕಾರ್ಖಾನೆ ತೋರಿಸುವವರು ಟೇಲರ್ ಕಥೆ ಮುಗಿಸಿದ ಮೇಲೆ, ಎಲೆ ಕೀಳುವವರ ಮನೆ ಯಾವುದು, ಜಾಗ ಅವರ ಹೆಸರಿಗೆ ಆಗಿದೆಯಾ ಎಂದು ದಯವಿಟ್ಟು ಕೇಳಿ. ಸುಳ್ಯದ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮೂರಿನ ಈ ಕುಟುಂಬಗಳ ಹಿರಿಯರು ಹೇಳಿದ್ದನ್ನು ಇಲ್ಲಿ ಬರೆಯಿರಿ. ಹಡಗು ಹತ್ತಿ ವಾಪಸ್ ಬಂದ ದಿನ ನೆನಪಿರುವವರು ಇನ್ನು ಹೆಚ್ಚು ಜನ ಉಳಿದಿಲ್ಲ.