ಈ ವರ್ಷವೂ ದೊರೆಗಳು ಊರಲ್ಲೇ

ಐದನೇ ಅಶುರ್-ನಿರಾರಿ ಕ್ರಿ.ಪೂ. 755ರಿಂದ 745ರವರೆಗೆ ಅಸ್ಸೀರಿಯಾವನ್ನು, ಅಂದರೆ ಈಗಿನ ಇರಾಕಿನ ಉತ್ತರದಲ್ಲಿದ್ದ ಹಳೇ ಸಾಮ್ರಾಜ್ಯವನ್ನು ಆಳಿದ. ಹೆಸರೇ ಕೇಳಿಲ್ಲ ಅಲ್ವಾ? ಕೇಳಿರುವುದಕ್ಕೆ ಕಾರಣವೂ ಇಲ್ಲ. ಅವನ ಮೇಲಿರುವ ದೊಡ್ಡ ಆರೋಪ ಒಂದೇ: ವರ್ಷಗಟ್ಟಲೆ ಸುಮ್ನೆ ಮನೆಯಲ್ಲಿದ್ದ.

ಅಸ್ಸೀರಿಯಾದಲ್ಲಿ ವರ್ಷಕ್ಕೆ ಅಂಕಿ ಇರಲಿಲ್ಲ. ಪ್ರತಿ ವರ್ಷಕ್ಕೂ ಒಬ್ಬ ದೊಡ್ಡ ಅಧಿಕಾರಿಯ ಹೆಸರಿಡುತ್ತಿದ್ದರು. ಅವನಿಗೆ ಲಿಮ್ಮು ಅನ್ನುತ್ತಿದ್ದರು. ಪಟ್ಟಿಯಲ್ಲಿ ಅವನ ಹೆಸರಿನ ಪಕ್ಕ ಆ ವರ್ಷದ ಸಾಧನೆ, ಒಂದೇ ಸಾಲು. ಸಾಧನೆ ಅಂದರೆ ಹೆಚ್ಚಾಗಿ ಈ ಸಲ ಯಾರ ಮೇಲೆ ದಂಡೆತ್ತಿ ಹೋದೆವು ಅನ್ನೋದು. ಪ್ಲೇಗು ಬಂದರೆ, ದಂಗೆ ಎದ್ದರೆ ಬರೆಯುತ್ತಿದ್ದರು. 763ರ ಸೂರ್ಯಗ್ರಹಣಕ್ಕೂ ಜಾಗ ಸಿಕ್ಕಿತು. ಬೆಳೆ ಹೇಗಿತ್ತು, ಜನ ಹೊಟ್ಟೆತುಂಬ ಉಂಡರೇ ಅನ್ನೋದಕ್ಕೆ ಮಾತ್ರ ಕಾಲಂ ಇಲ್ಲ.

753ನೇ ವರ್ಷಕ್ಕೆ ಸಾಕ್ಷಾತ್ ದೊರೆಯದೇ ಹೆಸರು. ಪಕ್ಕದ ಸಾಲಿನಲ್ಲಿ: ‘ನಾಡಿನಲ್ಲೇ’. 752, ನಾಡಿನಲ್ಲೇ. 751, ನಾಡಿನಲ್ಲೇ. 750, ಅದೇ. ಪಾಪ, ಆ ಗುಮಾಸ್ತನ ಸಂಕಟ ನೋಡಿ. ಯಾರ ತಲೆಯೂ ಉರುಳಿಲ್ಲ, ಯಾವ ಊರೂ ಸುಟ್ಟಿಲ್ಲ. ವಾರ್ಷಿಕ ವರದಿಯಲ್ಲಿ ಏನಂತ ಬರೆಯೋದು?

ದೊರೆ ಸಾಧು ಮನುಷ್ಯ ಅಂದುಕೊಳ್ಳಬೇಡಿ. ಸಿರಿಯಾದ ಅರ್ಪಾದ್‌ನ ಅರಸ ಮತಿ-ಇಲು ಜೊತೆ ಮಾಡಿಕೊಂಡ ಒಪ್ಪಂದ ಸಿಕ್ಕಿದೆ. ಒಂದು ಕುರಿಮರಿಯನ್ನು ತಂದು ನಿಲ್ಲಿಸಿದರು. ಇದನ್ನು ತಂದಿರೋದು ಬಲಿಗಲ್ಲ, ಊಟಕ್ಕಲ್ಲ ಅಂತ ಮೊದಲೇ ಬರೆಸಿದರು. ಆಮೇಲೆ, ಈ ತಲೆ ಕುರಿಯದ್ದಲ್ಲ, ಮತಿ-ಇಲುವಿನದು, ಅವನ ಮಕ್ಕಳದು. ಈ ಭುಜವೂ ಅವನದೇ. ಮಾತು ತಪ್ಪಿದರೆ ಕುಡಿಯೋಕೆ ಕತ್ತೆ ಉಚ್ಚೆಯೇ ಗತಿ ಅಂತ ಶಾಪ ಬೇರೆ. ಇಷ್ಟೆಲ್ಲ ಆದಮೇಲೂ ಮತಿ-ಇಲು, ಅಸ್ಸೀರಿಯಾದ ಉತ್ತರಕ್ಕಿದ್ದ ಶತ್ರುರಾಜ್ಯ ಉರಾರ್ಟುವಿನ ದೊರೆ ಸರ್ದುರಿಯ ಪಕ್ಷ ಸೇರಿದ. ಆ ಸರ್ದುರಿಯೋ, ಅಶುರ್-ನಿರಾರಿಯನ್ನೇ ಸೋಲಿಸಿದೆ ಅಂತ ಕಲ್ಲಲ್ಲಿ ಕೆತ್ತಿಸಿಕೊಂಡ. ಕುರಿಮರಿ ಸತ್ತಿದ್ದಷ್ಟೇ ಲಾಭ.

752ರ ವರ್ಷಕ್ಕೆ ಹೆಸರು ಕೊಟ್ಟವನು ಮಹಾದಂಡನಾಯಕ ಶಮ್ಶಿ-ಇಲು. ಅವನು ಹಿಂದೆಯೇ ತಿಲ್ ಬರ್ಸಿಪ್ ಅನ್ನೋ ಊರಿನ ಬಾಗಿಲಲ್ಲಿ ಕಲ್ಲಿನ ಸಿಂಹ ನಿಲ್ಲಿಸಿ, ತನ್ನ ಗೆಲುವನ್ನು ಕೆತ್ತಿಸಿಕೊಂಡಿದ್ದ. ಆಗಿನ ದೊರೆಯ ಹೆಸರನ್ನೇ ಹಾಕಿಸಲಿಲ್ಲ. ಜಾಗ ಸಾಲಲಿಲ್ಲವೇನೋ!

ಇನ್ನು ಇವನಿಗಿಂತ ನೂರು ವರ್ಷ ಹಿಂದಿನ ಅಸ್ಸೀರಿಯಾದ ದೊರೆ ಎರಡನೇ ಅಶುರ್-ನಾಸಿರ್-ಪಾಲ್ ನೋಡಿ. ದಂಗೆಯೆದ್ದವರ ಚರ್ಮ ಸುಲಿಸಿ ಕಂಬಕ್ಕೆ ಹೊದಿಸಿದೆ ಅಂತ ತಾನೇ ಬರೆಸಿದ. ಕಲ್ಹು ನಗರದಲ್ಲಿ 69,574 ಜನಕ್ಕೆ ಹತ್ತು ದಿನ ಔತಣ ಹಾಕಿದೆ ಅಂತಲೂ ಲೆಕ್ಕ ಕೊಟ್ಟ. ಅವನ ಅರಮನೆಯ ಗೋಡೆಗಳು ಲಂಡನ್ನಿನ ಮ್ಯೂಸಿಯಂ ಸೇರಿವೆ, ಜನ ಎದುರು ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅವನು ‘ಮಹಾನ್’. ಊರಲ್ಲಿದ್ದ ನಮ್ಮವನು ‘ದುರ್ಬಲ’.

746ರಲ್ಲಿ ಅದೇ ಕಲ್ಹುವಿನಲ್ಲಿ ದಂಗೆ. ಗುಮಾಸ್ತನಿಗೆ ಕೊನೆಗೂ ಬರೆಯೋಕೆ ವಿಷಯ ಸಿಕ್ಕಿತು. 745ರಲ್ಲಿ ಮೂರನೇ ತಿಗ್ಲತ್-ಪಿಲೆಸರ್ ಸಿಂಹಾಸನ ಹತ್ತಿದ. ಹತ್ತಿದ ವರ್ಷವೇ ದಂಡು ಹೊರಡಿಸಿದ. ಆಮೇಲೆ ಪಟ್ಟಿಯ ತುಂಬ ಯುದ್ಧವೋ ಯುದ್ಧ. 730ರಲ್ಲಿ ಮಾತ್ರ ಅವನ ಸಾಲಿನಲ್ಲೂ ‘ನಾಡಿನಲ್ಲೇ’ ಅಂತಿದೆ. ಅದು ವಿಶ್ರಾಂತಿಯಂತೆ.